ಅಂಚಿನ ಗೆರೆ: ಚೆಂಬೂರಿನ ಬಾಗಿಲು-ಕಿಟಕಿಗಳೂ ಮೋಲ್ಡಿಂಗ್ ಕೆಲಸದ ಇತಿಹಾಸವೂ

ಮುಂಬಯಿಯ ಚೆಂಬೂರಿನಲ್ಲಿ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕಟ್ಟಿ ಇನ್ನೂ ಉಳಿದುಕೊಂಡಿರುವ ಮನೆಗಳ ಬಾಗಿಲು, ಕಿಟಕಿ, ಮೆಟ್ಟಿಲಿನ ಕಟಾಂಜನಗಳಲ್ಲಿ ಮರ ಕೊನೆಗೊಳ್ಳುವ ಅಂಚು ಸಾಮಾನ್ಯವಾಗಿ ಬರಿಯ ಚೌಕ ಮೂಲೆಯಾಗಿರುವುದಿಲ್ಲ. ಅದು ದುಂಡಾಗಿಯೋ ಒಳಬಾಗಿಯೋ ಇವೆರಡೂ ಕೂಡಿಕೊಂಡೋ ಉದ್ದಕ್ಕೂ ಒಂದೇ ಗೆರೆಯಾಗಿ ಹರಿಯುತ್ತದೆ. ಹೀಗೆ ಮರದ ಉದ್ದಕ್ಕೂ ಒಂದೇ ಆಕಾರದಲ್ಲಿ ಸಾಗುವ ಕೆತ್ತನೆಗೆ ಮೋಲ್ಡಿಂಗ್ ಎಂಬ ಹೆಸರಿದ್ದು, ಅದನ್ನು ಬೇರೆ ಪಟ್ಟಿಯಾಗಿ ಮಾಡಿ ಮೊಳೆ ಹೊಡೆದು ಕೂರಿಸಿದಾಗ ಬೀಡಿಂಗ್ ಪಟ್ಟಿ ಎಂದು ಕರೆಯುತ್ತಾರೆ. ಉಬ್ಬಿದ ಆಕಾರ ಗೋಲಾ, ಒಳಬಾಗಿದ ಆಕಾರ ಗಲತಾ. ಕನ್ನಡ ಓದುಗರಿಗೆ ಇದೇ ಸಂಗತಿ ಕಲ್ಲಿನಲ್ಲಿ ಚಿರಪರಿಚಿತ. ದೇವಾಲಯದ ಅಧಿಷ್ಠಾನದಲ್ಲಿ, ಅಂದರೆ ಗೋಡೆಯನ್ನು ಹೊರುವ ಪೀಠದಲ್ಲಿ, ಜಗತಿ, ಉಬ್ಬಿದ ಕುಮುದ, ಒಳಸರಿದ ಕಂಠ, ಹೊರಬಾಗಿದ ಕಪೋತ ಎಂದು ಶಿಲ್ಪಿಗಳು ಗುರುತಿಸುವ ಅಡ್ಡಪಟ್ಟಿಗಳು ಮೋಲ್ಡಿಂಗುಗಳೇ ಆಗಿವೆ.

ಈ ಗೆರೆಯನ್ನು ಕೇವಲ ಅಲಂಕಾರವೆಂದು ತಿಳಿಯುವುದು ಸರಿಯಲ್ಲ. ಮರವು ಗಾಳಿಯ ತೇವವನ್ನು ಹೀರಿ ಅಡ್ಡಗಲಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ನಾಲ್ಕು ತಿಂಗಳು ಎಡೆಬಿಡದೆ ಮಳೆ ಸುರಿಯುವ ಮುಂಬಯಿಯಂಥ ಊರಿನಲ್ಲಿ ಈ ಚಲನೆ ಜೋರಾಗಿರುವುದರಿಂದ, ಬಾಗಿಲಿನ ನಡುಹಲಗೆಯನ್ನು ಚೌಕಟ್ಟಿಗೆ ಬಿಗಿಯಾಗಿ ಅಂಟಿಸಿದರೆ ಹಲಗೆ ಸೀಳುತ್ತದೆ, ಸಡಿಲವಾಗಿ ಬಿಟ್ಟರೆ ಸಂದು ಕಾಣುತ್ತದೆ. ಹಲಗೆಯನ್ನು ತೋಡಿನಲ್ಲಿ ಸಡಿಲವಾಗಿಯೇ ಕೂರಿಸಿ, ಸಂದಿನ ಮುಂದೆ ಮೋಲ್ಡಿಂಗಿನ ನೆರಳು ಬೀಳುವಂತೆ ಮಾಡುವುದು ಬಡಗಿಗಳು ಕಂಡುಕೊಂಡ ಉಪಾಯ. ಕಿಟಕಿಯ ಕೆಳಪಟ್ಟಿಯ ಇಳಿಜಾರು ನೀರನ್ನು ಹೊರಕ್ಕೆ ಸುರಿಸುತ್ತದೆ. ದುಂಡಗಿನ ಅಂಚು ಪೆಟ್ಟಿಗೆ ಬೇಗನೆ ಚಕ್ಕೆ ಏಳುವುದಿಲ್ಲ, ಬಣ್ಣವನ್ನೂ ಚೂಪಾದ ಮೂಲೆಗಿಂತ ಹೆಚ್ಚು ಕಾಲ ಹಿಡಿದಿಡುತ್ತದೆ.

ಚೆಂಬೂರು ಮೂಲತಃ ತುರ್ಭೆ ದ್ವೀಪದ ಅಂಚಿನ ಹಳ್ಳಿ. ಕುರ್ಲಾದಿಂದ ಇಲ್ಲಿಗೆ ಬಂದ ರೈಲುಹಾದಿ 1924ರಲ್ಲಿ ಪ್ರಯಾಣಿಕರಿಗೆ ತೆರೆದುಕೊಂಡ ಮೇಲೆ, ನಗರದ ಇಕ್ಕಟ್ಟಿನಿಂದ ಹೊರಬಂದು ತೋಟದ ನಡುವೆ ಮನೆ ಕಟ್ಟಿಕೊಳ್ಳಬಯಸಿದ ಮಧ್ಯಮವರ್ಗ ಇತ್ತ ತಿರುಗಿತು. ದೇಶವಿಭಜನೆಯ ನಂತರ ಸಿಂಧ್ ಪ್ರಾಂತದಿಂದ ಬಂದ ನಿರಾಶ್ರಿತರಿಗೆ ಯುದ್ಧಕಾಲದ ಸೈನಿಕ ಬ್ಯಾರಕುಗಳಲ್ಲಿ ನೆಲೆ ದೊರೆತು ಆ ಭಾಗಕ್ಕೆ ಚೆಂಬೂರು ಕ್ಯಾಂಪ್ ಎಂಬ ಹೆಸರು ನಿಂತಿತು; 1950ರಲ್ಲಿ ಊರು ಬೃಹನ್ಮುಂಬಯಿ ನಗರಪಾಲಿಕೆಯ ವ್ಯಾಪ್ತಿಗೆ ಸೇರಿತು; ತಿಲಕ್ ನಗರದಂಥ ವಸಾಹತುಗಳನ್ನು ಗೃಹಮಂಡಳಿ ಕಟ್ಟಿತು; ತುರ್ಭೆಯ ತೈಲ ಶುದ್ಧೀಕರಣಾಗಾರಗಳೂ ಪರಮಾಣು ಸಂಸ್ಥೆಯೂ ಐವತ್ತರ ದಶಕದಲ್ಲಿ ನೆರೆಗೆ ಬಂದವು. ದಕ್ಷಿಣದಿಂದ ಬಂದ ತಮಿಳರು, ಮಲಯಾಳಿಗಳು, ತುಳು-ಕನ್ನಡಿಗರು ಇಲ್ಲಿ ನೆಲೆಯೂರಿದರು. ಚೆಂಬೂರು ಕರ್ನಾಟಕ ಸಂಘ ಕಟ್ಟಿ ಬೆಳೆಸಿದ ವಿದ್ಯಾಸಂಸ್ಥೆಗಳು ಆ ನೆಲೆಯೂರುವಿಕೆಗೆ ಸಾಕ್ಷಿ. ಇಷ್ಟೆಲ್ಲ ಮನೆ, ಶಾಲೆ, ಕಚೇರಿಗಳು ಕೆಲವೇ ದಶಕಗಳಲ್ಲಿ ಎದ್ದಾಗ ಬೇಕಾದ ಬಾಗಿಲು-ಕಿಟಕಿಗಳನ್ನು ಕೈಯ ವೇಗದಲ್ಲೇ ಮಾಡಿ ಮುಗಿಸುವುದು ಸಾಧ್ಯವಿರಲಿಲ್ಲ.

ಮರ ಎಲ್ಲಿಂದ ಬಂತೆಂಬುದು ಕನ್ನಡ ನಾಡಿಗೂ ಸಂಬಂಧಿಸಿದ ವಿಷಯ. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ ಮೇಲೆ, ಕಾಳಿ ನದಿಯ ಕಣಿವೆಯ ಹಳಿಯಾಳ-ದಾಂಡೇಲಿ ಸೀಮೆಯ ತೇಗವು ಅದೇ ಪ್ರಾಂತದ ಅರಣ್ಯ ಇಲಾಖೆಯ ಸ್ವತ್ತಾಗಿ ಕರಾವಳಿಯ ಮಾರ್ಗದಿಂದ ಮುಂಬಯಿಯತ್ತ ಸಾಗಿತು. ಇನ್ನೊಂದು ಮೂಲ ಬರ್ಮಾ. 1863ರಲ್ಲಿ ಸ್ಥಾಪನೆಯಾದ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ನಿನ ತೇಗದ ವ್ಯಾಪಾರ ಎಷ್ಟು ದೊಡ್ಡದಾಗಿತ್ತೆಂದರೆ, ಅದಕ್ಕೆ ಬರ್ಮಾದ ಅರಸೊತ್ತಿಗೆ ವಿಧಿಸಿದ ದಂಡವೇ 1885ರ ಯುದ್ಧಕ್ಕೆ ನೆಪವಾಯಿತು. ಮುಂಬಯಿಯ ಪೂರ್ವ ದಡದ ರೇ ರೋಡ್ ಸುತ್ತಲಿನ ಮರದ ಮಂಡಿಗಳಿಗೆ ಬಂದಿಳಿದ ದಿಮ್ಮಿಗಳು ಅಲ್ಲಿಂದ ನಗರಕ್ಕೆಲ್ಲ ಹಂಚಿಹೋಗುತ್ತಿದ್ದವು. ತೇಗವು ಎಣ್ಣೆಯಂಶವುಳ್ಳ, ಕಡಿಮೆ ಹಿಗ್ಗಿ ಕುಗ್ಗುವ ಮರವಾದುದರಿಂದ ಅದರ ಮೇಲೆ ಕೊರೆದ ಗೆರೆ ದಶಕಗಳ ನಂತರವೂ ಹರಿತವಾಗಿ ಉಳಿಯುತ್ತದೆ. ಆದರೆ ಅದರ ನಾರಿನಲ್ಲಿರುವ ಮರಳಿನಂಥ ಸಿಲಿಕಾ ಕಣಗಳು ಉಪಕರಣದ ಹರಿತವನ್ನು ಬೇಗನೆ ತಿಂದುಹಾಕುತ್ತವೆ. ಈ ಒಂದು ಗುಣ ಮುಂದೆ ಯಂತ್ರದ ಅಲಗುಗಳ ಕಥೆಯಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ.

ಯಂತ್ರ ಬರುವ ಮೊದಲು ಈ ಕೆಲಸವೆಲ್ಲ ನಡೆಯುತ್ತಿದ್ದುದು ಕೀಸುಳಿಯಿಂದ. ಕನ್ನಡ ನಾಡಿನ ಬೇರೆ ಬೇರೆ ಕಡೆ ಕೀಸುಳಿ, ಹತ್ತರಿ, ಉಜ್ಜುಗೊರಡು ಎಂಬ ಹೆಸರುಗಳಿರುವ, ಮುಂಬಯಿಯಲ್ಲಿ ರಂಧಾ ಎಂದು ಕರೆಯುವ ಈ ಉಪಕರಣವು ಮರದ ಗೊರಡಿನೊಳಗೆ ಓರೆಯಾಗಿ ಬಿಗಿದ ಉಕ್ಕಿನ ಅಲಗು. ಸಾಮಾನ್ಯ ಕೀಸುಳಿಯ ತಳ ಸಮತಟ್ಟಾಗಿದ್ದರೆ, ಮೋಲ್ಡಿಂಗಿನ ಕೀಸುಳಿಯ ತಳವನ್ನೂ ಅಲಗಿನ ಬಾಯನ್ನೂ ಬೇಕಾದ ಆಕಾರಕ್ಕೆ ತದ್ವಿರುದ್ಧವಾಗಿ ರೂಪಿಸಿರುತ್ತಾರೆ. ಉಬ್ಬು ಬೇಕಾದರೆ ತಗ್ಗಿನ ತಳ, ತಗ್ಗು ಬೇಕಾದರೆ ಉಬ್ಬಿದ ತಳ. ಗೊರಡನ್ನು ಬಡಗಿಯೇ ಗಟ್ಟಿಮರದಲ್ಲಿ ಕಡೆದು, ಅಲಗನ್ನು ಅರದಿಂದ ಉಜ್ಜಿ ತನ್ನ ಕಣ್ಣಳತೆಗೆ ಹೊಂದಿಸಿಕೊಳ್ಳಬಹುದಾದ್ದರಿಂದ, ಒಬ್ಬ ಆಚಾರಿಯ ಚೀಲದ ಕೀಸುಳಿಗಳಿಂದ ಬಂದ ಗೆರೆ ಇನ್ನೊಬ್ಬನದಕ್ಕೆ ಪೂರ್ತಿ ಸರಿಹೋಗಬೇಕೆಂದಿರಲಿಲ್ಲ. ನೆಲದ ಮೇಲೆ ಕುಳಿತು, ಹಲಗೆಯನ್ನು ಪಾದಗಳಿಂದ ಅದುಮಿ ಹಿಡಿದು ಕೆಲಸ ಮಾಡುವ ಭಾರತೀಯ ಬಡಗಿಯ ಭಂಗಿಯನ್ನು ಹತ್ತೊಂಬತ್ತನೆಯ ಶತಮಾನದ ಯೂರೋಪಿಯನ್ ಬರಹಗಾರರು ಬೆರಗಿನಿಂದಲೂ ಕೆಲವೊಮ್ಮೆ ತಾತ್ಸಾರದಿಂದಲೂ ಬಣ್ಣಿಸಿದ್ದಾರೆ. ತಾತ್ಸಾರಕ್ಕೆ ಕಾರಣವೇ ಇರಲಿಲ್ಲ: ಮರದ ನಾರು ತಿರುಗುವ ಕಡೆ ಅಲಗು ಸಿಕ್ಕಿಕೊಳ್ಳುವುದನ್ನು ಕೈಗಿಂತ ಮೊದಲು ಪಾದ ಅರಿಯುವಂಥ ಆ ಭಂಗಿಯಲ್ಲಿ, ಇಡೀ ದೇಹವೇ ಮರವನ್ನು ಹಿಡಿಯುವ ಉಪಕರಣವಾಗಿತ್ತು.

ತಿರುಗುವ ಅಲಗಿನಿಂದ ಮರ ಕೊರೆಯುವ ಆಲೋಚನೆಗೆ ಹಡಗುಕಟ್ಟೆಗಳ ನಂಟಿದೆ. ಇಂಗ್ಲೆಂಡಿನಲ್ಲಿ ವೃತ್ತಾಕಾರದ ಗರಗಸಕ್ಕೆ ಸ್ಯಾಮ್ಯುಯೆಲ್ ಮಿಲ್ಲರ್ 1777ರಲ್ಲಿ ಪೇಟೆಂಟ್ ಪಡೆದಿದ್ದ. ದಾರ್ಶನಿಕ ಜೆರೆಮಿ ಬೆಂಥಾಮನ ತಮ್ಮ ಸ್ಯಾಮ್ಯುಯೆಲ್ ಬೆಂಥಾಮ್ 1791 ಮತ್ತು 1793ರ ತನ್ನ ಪೇಟೆಂಟುಗಳಲ್ಲಿ ಕೀಸುವ ಯಂತ್ರವನ್ನೂ, ಆಕಾರಕೊಟ್ಟ ಅಲಗುಗಳನ್ನು ತಿರುಗಿಸಿ ಮೋಲ್ಡಿಂಗ್ ತೆಗೆಯುವ ಬಗೆಯನ್ನೂ ವಿವರಿಸಿದ. ಅವನೇ ಬ್ರಿಟಿಷ್ ನೌಕಾಪಡೆಯ ಕಾಮಗಾರಿಗಳ ಅಧಿಕಾರಿಯಾಗಿದ್ದ ಕಾಲದಲ್ಲಿ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಮಾರ್ಕ್ ಬ್ರುನೆಲ್ ರೂಪಿಸಿದ ಯಂತ್ರಗಳು ಹಡಗಿನ ರಾಟೆಗಳನ್ನು ಸಾಲುಸಾಲಾಗಿ ತಯಾರಿಸತೊಡಗಿದವು. ಅದೇ ನೌಕಾಪಡೆಗಾಗಿ ಮುಂಬಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಮೇಲ್ವಿಚಾರಣೆಯಲ್ಲಿ ಮಲಬಾರಿನ ತೇಗದಿಂದ 1817ರಲ್ಲಿ ಕಟ್ಟಿ ನೀರಿಗಿಳಿಸಿದ ಟ್ರಿಂಕೋಮಲಿ ಎಂಬ ನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿದೆ. ಅದನ್ನು ಕಟ್ಟಿದ್ದು ಬಾಚಿ, ಗರಗಸ, ಉಳಿಗಳಿಂದ, ಕೈಯಲ್ಲಿ.

ಮುಂಬಯಿಯಲ್ಲಿ ಯಂತ್ರದ ಮರಗೆಲಸ ದೊಡ್ಡ ಪ್ರಮಾಣದಲ್ಲಿ ಬೇರೂರಿದ್ದು ರೈಲ್ವೆ ಕಾರ್ಯಾಗಾರಗಳಲ್ಲಿ. ಚೆಂಬೂರಿಗೆ ಸಮೀಪದ ಮಾಟುಂಗಾದಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1915ರಲ್ಲಿ ಗಾಡಿಗಳ ಕಾರ್ಯಾಗಾರವನ್ನು ತೆರೆಯಿತು. ಅಂದಿನ ರೈಲುಗಾಡಿಯ ಒಡಲು ತೇಗದ ಚೌಕಟ್ಟು ಮತ್ತು ಹಲಗೆಗಳಿಂದಾದುದಾಗಿದ್ದು, ಹಲಗೆಗಳ ನಡುವಿನ ಸಂದುಗಳ ಮೇಲೆಲ್ಲ ಬೀಡಿಂಗ್ ಪಟ್ಟಿ ಬರುತ್ತಿತ್ತು. ಬಿಸಿಲು-ಮಳೆಗಳಲ್ಲಿ ಓಡುವ ಗಾಡಿಗೆ ಆ ಪಟ್ಟಿ ನೀರು ತಡೆಯುವ ಕವಚವೂ ಹೌದು. ಒಂದೇ ಆಕಾರದ ಪಟ್ಟಿ ಮೈಲುಗಟ್ಟಲೆ ಬೇಕಾದಲ್ಲಿ ಕೀಸುಳಿಗೆ ಅವಕಾಶವಿಲ್ಲ. ಮದ್ರಾಸಿನ ಪೆರಂಬೂರಿನಲ್ಲಿ 1955ರಲ್ಲಿ ಉದ್ಘಾಟನೆಗೊಂಡ ಕಾರ್ಖಾನೆಯ ಪೂರ್ಣ ಉಕ್ಕಿನ ಗಾಡಿಗಳು ಮರದ ಒಡಲಿನ ಯುಗವನ್ನು ಮುಗಿಸುವವರೆಗೂ ಈ ಬೇಡಿಕೆ ಉಳಿದಿತ್ತು.

ಕಾರ್ಖಾನೆಯ ದೊಡ್ಡ ಮೋಲ್ಡರ್ ಯಂತ್ರ ನಾಲ್ಕೂ ಬದಿಗಳನ್ನು ಒಂದೇ ಸಲಕ್ಕೆ ಕೊರೆಯುತ್ತದೆಯಾದರೂ, ಬೀದಿಬದಿಯ ಸಣ್ಣ ಅಂಗಡಿಗೆ ಅದರ ಬೆಲೆಯೂ ಅದು ಬೇಡುವ ಜಾಗವೂ ಎಟುಕುವಂಥದ್ದಲ್ಲ. ಕೀಸುಳಿಗೂ ದೊಡ್ಡ ಯಂತ್ರಕ್ಕೂ ನಡುವಿನ ಈ ತೆರವನ್ನು ತುಂಬಿದ್ದು ಇಲ್ಲಿನ ಮುಖ್ಯ ವಿಷಯವಾದ ಮೋಲ್ಡಿಂಗ್ ಕಟರ್ ಹೆಡ್. ಅದರ ಹಿಂದಿನ ಆಲೋಚನೆ ಕೈ ಉಪಕರಣದಲ್ಲೇ ಮೊದಲು ಕಾಣಿಸಿಕೊಂಡಿತ್ತು: ಅಮೆರಿಕದ ಸ್ಟ್ಯಾನ್ಲಿ ಕಂಪನಿ 1897ರಲ್ಲಿ ಮಾರುಕಟ್ಟೆಗೆ ತಂದ 55ನೆಯ ನಂಬರಿನ ಲೋಹದ ಕೀಸುಳಿಯಲ್ಲಿ ಗೊರಡು ಒಂದೇ, ಬದಲಿಸಿ ಕೂರಿಸುವ ಅಲಗುಗಳು ಐವತ್ತಕ್ಕೂ ಹೆಚ್ಚು. ಅಲಗು ಬದಲಿಸಿದರೆ ಗೆರೆ ಬದಲಾಗುತ್ತದೆ ಎಂಬ ಈ ತತ್ವವನ್ನು ವಿದ್ಯುತ್ ಮೋಟಾರಿಗೆ ಹೊಂದಿಸಿದಾಗ ಕಟರ್ ಹೆಡ್ ರೂಪುಗೊಂಡಿತು. ಹರ್ಬರ್ಟ್ ಟೌಟ್ಜ್ 1919ರಲ್ಲಿ ಮಿಲ್ವಾಕಿಯಲ್ಲಿ ಸ್ಥಾಪಿಸಿದ ಡೆಲ್ಟಾ ಕಂಪನಿಯೂ, ಸಿಯರ್ಸ್ ಕಂಪನಿ ಕ್ರಾಫ್ಟ್ಸ್‌ಮನ್ ಹೆಸರಿನಲ್ಲಿ ಮಾರಿದ ಉಪಕರಣಗಳೂ ಅದನ್ನು ಸಣ್ಣ ಕಾರ್ಯಾಗಾರಗಳಿಗೂ ಮನೆಯ ಹವ್ಯಾಸಿಗಳಿಗೂ ತಲುಪಿಸಿದವು.

ಈ ಹೆಡ್ ಕೂರುವುದು ಟೇಬಲ್ ಸಾ ಎಂಬ ಯಂತ್ರದಲ್ಲಿ. ಟೇಬಲ್ ಸಾ ಎಂದರೆ ಕಬ್ಬಿಣದ ಮೇಜಿನ ನಡುವಿನ ಸೀಳಿನಿಂದ ವೃತ್ತಾಕಾರದ ಗರಗಸ ಮೇಲೆದ್ದು ತಿರುಗುವ, ಮರವನ್ನು ಮೇಜಿನ ಮೇಲೆ ತಳ್ಳಿ ಸೀಳುವ ಯಂತ್ರ. ಅದರ ಗರಗಸವನ್ನು ತೆಗೆದು, ಅದೇ ದಂಡಕ್ಕೆ ಸುಮಾರು ಒಂದು ಅಂಗೈಯಗಲದ ದಪ್ಪ ಉಕ್ಕಿನ ಬಿಲ್ಲೆಯನ್ನು ಬಿಗಿಯುತ್ತಾರೆ. ಬಿಲ್ಲೆಯ ಅಂಚಿನ ತೋಡುಗಳಲ್ಲಿ ಸಾಮಾನ್ಯವಾಗಿ ಮೂರು ಅಲಗುಗಳು ಸಮಾನ ಅಂತರದಲ್ಲಿ ಕುಳಿತು, ಪ್ರತಿಯೊಂದೂ ತನ್ನ ತಿರುಪಿನಿಂದ ಬಿಗಿಯಾಗಿರುತ್ತದೆ. ಅಲಗಿನ ಅಗಲ ಸುಮಾರು ಒಂದು ಅಂಗುಲವಾದುದರಿಂದ, ಅದಕ್ಕಿಂತ ಅಗಲದ ಮೋಲ್ಡಿಂಗನ್ನು ಬೇರೆ ಬೇರೆ ಅಲಗುಗಳಿಂದ ಒಂದರ ಪಕ್ಕ ಒಂದರಂತೆ ಕೊರೆದೋ ಬಿಡಿ ಪಟ್ಟಿಗಳನ್ನು ಕೂಡಿಸಿಯೋ ಮಾಡಬೇಕು. ಮೂರೂ ಅಲಗುಗಳ ಆಕಾರ ಮತ್ತು ತೂಕ ಒಂದೇ ಆಗಿರದಿದ್ದರೆ ಹೆಡ್ ಅದುರುತ್ತದೆ. 180 ಮಿಲಿಮೀಟರ್ ವ್ಯಾಸದ ಹೆಡ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅಲಗಿನ ತುದಿಯ ವೇಗ ಸೆಕೆಂಡಿಗೆ 28 ಮೀಟರ್, ಅಂದರೆ ಗಂಟೆಗೆ ಸುಮಾರು 100 ಕಿಲೋಮೀಟರ್. ಅದೇ ವೇಗದಲ್ಲಿ ಸೆಕೆಂಡಿಗೆ 150 ಕಡಿತಗಳು ಬೀಳುವುದರಿಂದ, ಮರವನ್ನು ಸೆಕೆಂಡಿಗೆ 5 ಸೆಂಟಿಮೀಟರಿನಷ್ಟು ತಳ್ಳಿದರೆ ಒಂದು ಕಡಿತಕ್ಕೂ ಇನ್ನೊಂದಕ್ಕೂ ನಡುವಣ ಅಂತರ ಮಿಲಿಮೀಟರಿನ ಮೂರನೆಯ ಒಂದು ಭಾಗವಾಗುತ್ತದೆ. ಅವಸರದಿಂದ ತಳ್ಳಿದ ಪಟ್ಟಿಯ ಮೇಲೆ ಬೆಳಕು ಓರೆಯಾಗಿ ಬಿದ್ದಾಗ ಕಾಣುವ ಸಣ್ಣ ಅಲೆಗಳು ಹುಟ್ಟುವುದು ಹೀಗೆ. ಕೈಯಿಂದ ಕೀಸಿದ ಹಳೆಯ ಪಟ್ಟಿಗೂ ಯಂತ್ರದ ಪಟ್ಟಿಗೂ ನಡುವಿನ ವ್ಯತ್ಯಾಸವನ್ನು ಪತ್ತೆಹಚ್ಚಲು ಈ ಅಲೆಗಳೇ ನಂಬಬಹುದಾದ ಗುರುತು.

ಕೆಲಸದ ಕ್ರಮ ಸರಳವಾಗಿ ತೋರಿದರೂ ಸೂಕ್ಷ್ಮವಾದುದು. ಗರಗಸಕ್ಕಿಂತ ಹೆಡ್ ದಪ್ಪವಾಗಿರುವುದರಿಂದ ಮೇಜಿನ ಸೀಳಿಗೆ ಅಗಲ ಬಾಯಿಯ ಬೇರೆ ತಟ್ಟೆ ಬೇಕು. ಮರವನ್ನು ಒರಗಿಸುವ ಗೈಡ್ ಲೋಹದ್ದಾದ್ದರಿಂದ ಅದಕ್ಕೊಂದು ಮರದ ಹಲಗೆ ಕಟ್ಟಿ, ಅದರಲ್ಲಿ ಹೆಡ್ ಅಡಗಿಕೊಳ್ಳುವಷ್ಟು ಕಮಾನು ಕೊರೆಯಬೇಕು. ಮರ ಮೇಲಕ್ಕೆ ಏಳದಂತೆ, ಬಾಚಣಿಗೆಯ ಹಲ್ಲಿನಂತೆ ಸೀಳಿದ ಹಲಗೆಯೊಂದನ್ನು ಒತ್ತಿ ಕಟ್ಟುತ್ತಾರೆ. ಪೂರ್ಣ ಆಳವನ್ನು ಒಂದೇ ಸಲಕ್ಕೆ ತೆಗೆಯದೆ ಹೆಡ್ಡನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಮೂರು ನಾಲ್ಕು ಬಾರಿ ಹಾಯಿಸಿ, ಕೊನೆಯ ಸಲ ಕೂದಲೆಳೆಯಷ್ಟೇ ತೆಗೆದರೆ ಮೈ ನುಣುಪಾಗುತ್ತದೆ. ಹಲಗೆಯ ನಾಲ್ಕೂ ಅಂಚಿಗೆ ಗೆರೆ ಬೇಕಾದರೆ ಮೊದಲು ಅಡ್ಡನಾರಿನ ತುದಿಗಳನ್ನು ಕೊರೆದು ಆಮೇಲೆ ಉದ್ದನೆಯ ಬದಿಗಳಿಗೆ ಬರಬೇಕು. ತುದಿಯಲ್ಲಿ ಚಕ್ಕೆ ಎದ್ದಿದ್ದರೆ ನಂತರದ ಕೊರೆತ ಅದನ್ನು ತೆಗೆದುಹಾಕುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಕಟ್ಟಳೆಯೆಂದರೆ, ಸಣ್ಣ ಬೀಡಿಂಗ್ ಪಟ್ಟಿಯನ್ನು ಎಂದೂ ಸಣ್ಣ ಪಟ್ಟಿಯಾಗಿಯೇ ಕೊರೆಯಬಾರದು. ಅಗಲ ಹಲಗೆಯ ಅಂಚಿಗೆ ಗೆರೆ ಕೊರೆದು, ಹೆಡ್ ತೆಗೆದು ಗರಗಸ ಹಾಕಿಕೊಂಡ ಮೇಲೆ ಆ ಅಂಚನ್ನು ಸೀಳಿ ಬೇರ್ಪಡಿಸಬೇಕು. ತೆಳು ಪಟ್ಟಿ ಅಲಗಿನ ಬಡಿತಕ್ಕೆ ಬಾಗಿ ಸಿಡಿಯುತ್ತದೆ, ಹಿಂದೆಯೇ ಬೆರಳು ಹೋಗುತ್ತದೆ.

ಯಂತ್ರವು ಬಡಗಿಯ ಕೈಯಿಂದ ಆಕಾರದ ಸ್ವಾತಂತ್ರ್ಯವನ್ನು ಕಿತ್ತುಕೊಂಡಿತೆಂಬ ಮಾತು ದೊಡ್ಡ ಕಾರ್ಖಾನೆಯ ಮಟ್ಟಿಗೆ ನಿಜ. ಕಟರ್ ಹೆಡ್ಡಿನ ವಿಷಯದಲ್ಲಿ ಅದು ಅರ್ಧಸತ್ಯ. ಕ್ಯಾಟಲಾಗಿನಲ್ಲಿ ಬರುವ ಅಲಗುಗಳು ಸಿದ್ಧ ಆಕಾರದವೇ ಆದರೂ, ಖಾಲಿ ಅಲಗನ್ನು ಸಾಣೆಕಲ್ಲಿನ ಮೇಲೆ ಉಜ್ಜಿ ಬೇಕಾದ ಗೆರೆಗೆ ಹೊಂದಿಸಲು ಅವಕಾಶವಿತ್ತು. ಹಳೆಯ ಮನೆಯ ದುರಸ್ತಿಯಲ್ಲಿ ಇದರ ಬೆಲೆ ತಿಳಿಯುತ್ತದೆ: ಗೆದ್ದಲು ತಿಂದ ಒಂದು ಚೌಕಟ್ಟಿನ ಬದಲಿಗೆ ಹೊಸದು ಬೇಕಾದಾಗ, ಎಪ್ಪತ್ತು ಎಂಬತ್ತು ವರ್ಷಗಳ ಹಿಂದೆ ಯಾವನೋ ಆಚಾರಿ ತನ್ನ ಕೀಸುಳಿಯಿಂದ ತೆಗೆದ ಗೆರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದನ್ನು ಅಲಗಿಗೆ ಇಳಿಸುವಲ್ಲಿ ಒಂದು ರೇಖಾಗಣಿತದ ತೊಡಕಿದೆ. ಅಲಗು ಬಿಲ್ಲೆಯ ಕೇಂದ್ರದಿಂದ ನೇರವಾಗಿ ಹೊರಟ ಗೆರೆಯ ಮೇಲಿರದೆ ಸ್ವಲ್ಪ ಓರೆಯಾಗಿ ಕುಳಿತಿರುವುದರಿಂದ, ಅಲಗಿನ ಮೇಲೆ ಉಜ್ಜಿದ ಆಳವೂ ಮರದಲ್ಲಿ ಮೂಡುವ ಆಳವೂ ಒಂದೇ ಆಗಿರುವುದಿಲ್ಲ. ಅಲಗಿನ ಆಕಾರವನ್ನು ಬೇಕಾದುದಕ್ಕಿಂತ ತುಸು ಆಳವಾಗಿ ಹಿಗ್ಗಿಸಿ ಬರೆಯಬೇಕು. ಇದನ್ನು ಲೆಕ್ಕ ಹಾಕಿ ಮಾಡುವವರಿದ್ದರು. ಕಣ್ಣಳತೆಯಿಂದ ಉಜ್ಜಿ, ತುಂಡುಮರದ ಮೇಲೆ ಪರೀಕ್ಷಿಸಿ, ಹಳೆಯ ಪಟ್ಟಿಯ ಪಕ್ಕ ಇಟ್ಟು ನೋಡಿ ತಿದ್ದುವವರೂ ಇದ್ದರು. ಎರಡನೆಯವರ ಕೆಲಸ ಕೀಸುಳಿಯ ಕಾಲದ ಆಚಾರಿಯ ಕೆಲಸದ ಮುಂದುವರಿಕೆಯೇ ಸರಿ. ಮೂರು ಅಲಗನ್ನೂ ಒಂದೇ ಸಮನಾಗಿ ಉಜ್ಜಬೇಕಾದ್ದರಿಂದ ಅದು ಇನ್ನೂ ಕಠಿಣವಾದುದು.

ರಾಜ್ ಕಪೂರ್ 1948ರಲ್ಲಿ ಸ್ಥಾಪಿಸಿದ ಆರ್.ಕೆ. ಸ್ಟುಡಿಯೋ ಚೆಂಬೂರಿನ ಮರಗೆಲಸಕ್ಕೆ ಬೇರೊಂದು ಆಯಾಮ ಕೊಟ್ಟಿತು. ಎಂ.ಆರ್. ಆಚ್ರೇಕರ್ ಅವರಂಥ ಕಲಾನಿರ್ದೇಶಕರು ಕಲ್ಪಿಸಿದ ಹವೇಲಿ, ನ್ಯಾಯಾಲಯ, ಬೀದಿಗಳನ್ನು ಕೆಲವೇ ದಿನಗಳಲ್ಲಿ ಎಬ್ಬಿಸಿ ಚಿತ್ರೀಕರಣ ಮುಗಿದೊಡನೆ ಕೆಡವುವ ಆ ಲೋಕದಲ್ಲಿ, ಮೋಲ್ಡಿಂಗು ಮಳೆಯನ್ನೂ ಕಾಲವನ್ನೂ ತಡೆಯಬೇಕಾಗಿರಲಿಲ್ಲ, ದೀಪದ ಬೆಳಕಿನಲ್ಲಿ ಸರಿಯಾದ ನೆರಳು ಬೀರಿದರೆ ಸಾಕಾಗಿತ್ತು. ಹಾಗಾಗಿ ಪ್ಲೈವುಡ್ಡೂ ಪ್ಲಾಸ್ಟರ್ ಆಫ್ ಪ್ಯಾರಿಸ್ಸೂ ತೇಗದ ಜಾಗವನ್ನು ಬೇಗನೆ ತುಂಬಿದವು. 2017ರ ಸೆಪ್ಟೆಂಬರಿನ ಬೆಂಕಿಯಲ್ಲಿ ಸ್ಟುಡಿಯೋದ ಬಹುಭಾಗ ಹಾಳಾಗಿ, 2019ರಲ್ಲಿ ಜಾಗ ಗೋದ್ರೆಜ್ ಪ್ರಾಪರ್ಟೀಸ್ ಪಾಲಾಯಿತು.

ಕಟರ್ ಹೆಡ್ಡಿನ ಇತಿಹಾಸವನ್ನು ಕಳೆದುಹೋದ ಬೆರಳುಗಳನ್ನು ಬಿಟ್ಟು ಬರೆಯುವುದು ಅನ್ಯಾಯ. ಬ್ರಿಟನ್ನಿನಲ್ಲಿ 1922ರಲ್ಲೇ ಮರಗೆಲಸದ ಯಂತ್ರಗಳಿಗೆ ಪ್ರತ್ಯೇಕ ನಿಯಮಾವಳಿ ಬಂತು. ಭಾರತದಲ್ಲಿ 1948ರ ಕಾರ್ಖಾನೆ ಕಾಯ್ದೆಯ 21ನೆಯ ಕಲಮು ಯಂತ್ರಗಳ ಅಪಾಯಕಾರಿ ಭಾಗಗಳಿಗೆ ಬೇಲಿ ಕಡ್ಡಾಯಗೊಳಿಸಿತು. ಮಹಾರಾಷ್ಟ್ರದ 1963ರ ಕಾರ್ಖಾನೆ ನಿಯಮಗಳೂ ಸೇರಿದಂತೆ ರಾಜ್ಯಗಳ ನಿಯಮಗಳು ವೃತ್ತಾಕಾರದ ಗರಗಸದ ಹಿಂದೆ ಸೀಳು ಮುಚ್ಚಿಕೊಳ್ಳದಂತೆ ತಡೆಯುವ ಉಕ್ಕಿನ ಫಲಕ, ಮೇಲೆ ಮುಸುಕು, ಕೈಗೆ ತಳ್ಳುಕೋಲು ಇರಬೇಕೆಂದು ವಿಧಿಸಿದವು. ಆದರೆ ಕಟರ್ ಹೆಡ್ ಮರವನ್ನು ಪೂರ್ತಿ ಸೀಳದೆ ಅಡಿಯಿಂದಷ್ಟೇ ಕೊರೆಯುವುದರಿಂದ, ಹಿಂಬದಿಯ ಫಲಕವನ್ನೂ ಅದಕ್ಕೆ ಜೋಡಿಸಿದ ಮುಸುಕನ್ನೂ ತೆಗೆದುಬಿಡಬೇಕಾಗುತ್ತದೆ. ಅಂದರೆ ಕಾನೂನು ಗರಗಸಕ್ಕೆ ಕೊಟ್ಟ ಎರಡು ರಕ್ಷಣೆಗಳು ಅದೇ ಮೇಜಿನ ಮೇಲೆ, ಅದಕ್ಕಿಂತ ಅಪಾಯಕರವಾದ ಕೆಲಸದ ಹೊತ್ತಿನಲ್ಲಿ, ಇಲ್ಲವಾಗುತ್ತವೆ. ಅದಲ್ಲದೆ ವಿದ್ಯುತ್ ಬಳಸುವ ಕಡೆ ಹತ್ತು ಮಂದಿಗಿಂತ ಕಡಿಮೆ ಕೆಲಸಗಾರರಿರುವ ಅಂಗಡಿ 1948ರ ಮೂಲ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತಲೇ ಇರಲಿಲ್ಲ, ಚೆಂಬೂರಿನಂಥ ಉಪನಗರಗಳ ಮರಗೆಲಸದ ಅಂಗಡಿಗಳಾದರೋ ಹೆಚ್ಚಾಗಿ ಮೂರು ನಾಲ್ಕು ಜನರವು. ಕಾರ್ಮಿಕ ಪರಿಹಾರದ 1923ರ ಕಾಯ್ದೆಯ ಅನುಸೂಚಿ ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇಕಡಾ 30ರಷ್ಟು, ತೋರುಬೆರಳು ಪೂರ್ತಿ ಹೋದರೆ ಶೇಕಡಾ 14ರಷ್ಟು ನಷ್ಟವೆಂದು ಎಣಿಸುತ್ತಿತ್ತು. ನಾರಿನ ದಿಕ್ಕನ್ನು ಬೆರಳ ತುದಿಯಿಂದ ಓದುವ ಬಡಗಿಗೆ ಈ ಲೆಕ್ಕ ಎಷ್ಟು ಅಪೂರ್ಣವೆಂದು ಬಿಡಿಸಿ ಹೇಳಬೇಕಾಗಿಲ್ಲ. ಯೂರೋಪಿನ ಮಾನದಂಡಗಳು ಕೈಯಿಂದ ಮರ ತಳ್ಳುವ ಯಂತ್ರಗಳ ಹೆಡ್ಡಿನಲ್ಲಿ ಅಲಗು 1.1 ಮಿಲಿಮೀಟರಿಗಿಂತ ಹೆಚ್ಚು ಕಚ್ಚದಂತೆ ತಡೆ ಇರಬೇಕೆಂದು ಹೇಳುತ್ತವೆ. ಹಳೆಯ ಮೂರಲಗಿನ ಹೆಡ್ಡುಗಳಲ್ಲಿ ಇಂಥ ತಡೆ ಇರಲಿಲ್ಲ.

ಕಟರ್ ಹೆಡ್ಡನ್ನು ಹಿಂದಕ್ಕೆ ಸರಿಸಿದ್ದು ಕಾನೂನಿಗಿಂತ ಹೆಚ್ಚಾಗಿ ಮಾರುಕಟ್ಟೆ. ಕೈಯಲ್ಲಿ ಹಿಡಿದು ಅಂಚಿನುದ್ದಕ್ಕೂ ನಡೆಸುವ ವಿದ್ಯುತ್ ರೌಟರ್ ಅಗ್ಗವಾಗಿ ದೊರೆಯತೊಡಗಿತು. ನಿಮಿಷಕ್ಕೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ತಿರುಗುವ ಅದರ ಸಣ್ಣ ಕಾರ್ಬೈಡ್ ಅಲಗು, ಅಂದರೆ ಬಿಟ್, ತೇಗದ ಸಿಲಿಕಾವನ್ನು ಸಾಮಾನ್ಯ ಉಕ್ಕಿನ ಅಲಗಿಗಿಂತ ಎಷ್ಟೋ ಹೆಚ್ಚು ಕಾಲ ತಡೆಯುತ್ತದೆ. ಆದರೆ ಕಾರ್ಬೈಡನ್ನು ಅಂಗಡಿಯ ಸಾಣೆಕಲ್ಲಿನಲ್ಲಿ ಉಜ್ಜಿ ಬೇರೆ ಆಕಾರ ಕೊಡಲಾಗುವುದಿಲ್ಲವಾದ್ದರಿಂದ, ಗೆರೆಯ ಆಯ್ಕೆ ಬಿಟ್‌ಗಳನ್ನು ಮಾರುವವನ ಪೆಟ್ಟಿಗೆಗೆ ಸೀಮಿತವಾಯಿತು. ಇತ್ತ 1996ರ ಡಿಸೆಂಬರಿನಲ್ಲಿ ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನೀಡಿದ ಆದೇಶ ಅರಣ್ಯಗಳಲ್ಲಿ ಮರ ಕಡಿಯುವುದನ್ನು ಬಿಗಿಯಾಗಿ ನಿರ್ಬಂಧಿಸಿತು. ಸ್ವದೇಶಿ ತೇಗದ ಬದಲು ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ನೆಡುತೋಪುಗಳ ತೇಗವೂ, ಮರದ ಪುಡಿನಾರನ್ನು ಅಂಟಿನಿಂದ ಒತ್ತಿದ ಎಂಡಿಎಫ್ ಹಲಗೆಯೂ ಬಂದವು. ಅಲ್ಯೂಮಿನಿಯಂ ಕಿಟಕಿಗೆ ಗೋಲಾ-ಗಲತಾ ಬೇಕಿಲ್ಲ.

ಚೆಂಬೂರಿನ ಹಳೆಯ ಬಂಗಲೆಗಳೂ ಗೃಹಮಂಡಳಿಯ ಕಟ್ಟಡಗಳೂ ಒಂದೊಂದಾಗಿ ಮರುನಿರ್ಮಾಣಕ್ಕೆ ಬೀಳುತ್ತಿರುವ ಈ ಹೊತ್ತಿನಲ್ಲಿ, ಅವುಗಳ ತೇಗಕ್ಕೆ ಹಳೆಮರದ ವ್ಯಾಪಾರದಲ್ಲಿ ಒಳ್ಳೆಯ ಬೆಲೆಯಿದೆ, ಏಕೆಂದರೆ ದಶಕಗಳ ಕಾಲ ಒಣಗಿದ ಮರ ಇನ್ನು ಹೆಚ್ಚು ಹಿಗ್ಗಿ ಕುಗ್ಗುವುದಿಲ್ಲ. ಕೊಂಡವರು ಮೊಳೆಗಳನ್ನು ಕಿತ್ತು ಚೌಕಟ್ಟನ್ನು ಮತ್ತೆ ಕೀಸಿ ಹೊಸ ಹಲಗೆಯಾಗಿಸುವಾಗ ಮೊದಲು ಹೋಗುವುದು ಅಂಚಿನ ಗೆರೆ. ಮುಂಬಯಿಯ ಕಟ್ಟಡಗಳ ಹೊರಮುಖಗಳನ್ನು ಛಾಯಾಚಿತ್ರಗಳಲ್ಲಿ ದಾಖಲಿಸುವ ಕೆಲಸ ಶ್ರದ್ಧೆಯಿಂದ ನಡೆದಿದೆಯಾದರೂ, ಮೋಲ್ಡಿಂಗಿನ ಅಡ್ಡಕೊಯ್ತದ ಆಕಾರ ಛಾಯಾಚಿತ್ರದಲ್ಲಿ ಸಿಗುವಂಥದ್ದಲ್ಲ. ಅದಕ್ಕೆ ಬೇಕಾದುದು ಕೆಡವುವ ಮುನ್ನ ಪ್ರತಿಯೊಂದು ಬಗೆಯ ಚೌಕಟ್ಟಿನಿಂದ ಅಡ್ಡಕ್ಕೆ ಕೊಯ್ದ ಒಂದು ಅಂಗುಲದ ತುಂಡು, ಅದನ್ನು ಕಾಗದದ ಮೇಲಿಟ್ಟು ಸುತ್ತ ಎಳೆದ ಪೆನ್ಸಿಲ್ ಗೆರೆ, ಬದಿಯಲ್ಲಿ ಮನೆಯ ಹೆಸರು, ಕಟ್ಟಿದ ವರ್ಷ ಮತ್ತು ಮರದ ಜಾತಿ.